ಕಡಿಮೆ ಜನನ ತೂಕ: ಪರೀಕ್ಷಾ ಟಿಪ್ಪಣಿ

ಹುಟ್ಟಿದಾಗ 2,500 ಗ್ರಾಂಗಿಂತ ಕಡಿಮೆ ತೂಗುವ ಶಿಶುವನ್ನು ವಿಶ್ವ ಆರೋಗ್ಯ ಸಂಸ್ಥೆ 'ಕಡಿಮೆ ಜನನ ತೂಕ'ದ ಶಿಶು ಎನ್ನುತ್ತದೆ. ಸರಿಯಾಗಿ 2,500 ಗ್ರಾಂ ಇದ್ದರೆ ಈ ಗುಂಪಿಗೆ ಸೇರದು. ಬಹು ಆಯ್ಕೆ ಪ್ರಶ್ನೆಗಳಲ್ಲಿ ಎಡವುವುದು ಇಲ್ಲಿಯೇ. 1,500 ಗ್ರಾಂಗಿಂತ ಕೆಳಗೆ 'ಅತಿ ಕಡಿಮೆ', 1,000ಕ್ಕಿಂತ ಕೆಳಗೆ 'ಅತ್ಯಂತ ಕಡಿಮೆ'.

ಕಾರಣಗಳು ಮುಖ್ಯವಾಗಿ ಎರಡು ಬಗೆ. ಒಂದು, 37 ವಾರ ತುಂಬುವ ಮೊದಲೇ ಹೆರಿಗೆ. ಇನ್ನೊಂದು, ಗರ್ಭದಲ್ಲೇ ಬೆಳವಣಿಗೆ ಕುಂಠಿತವಾಗುವುದು. ತಾಯಿಯ ರಕ್ತಹೀನತೆ, ಅಪೌಷ್ಟಿಕತೆ, ಅಧಿಕ ರಕ್ತದೊತ್ತಡ, ಚಿಕ್ಕ ವಯಸ್ಸಿನ ಬಸಿರು, ಅವಳಿ ಗರ್ಭ, ತಂಬಾಕು ಈ ಕಾರಣಗಳ ಹಿಂದಿರುತ್ತವೆ. ದಿನ ತುಂಬಿ ಹುಟ್ಟಿದ ಮಗುವೂ ಕಡಿಮೆ ತೂಗಬಹುದು ಎಂಬುದನ್ನು ಅಭ್ಯರ್ಥಿಗಳು ಮರೆಯುತ್ತಾರೆ.

ಇಂಥ ಶಿಶುಗಳ ಚರ್ಮದಡಿ ಕೊಬ್ಬು ಕಡಿಮೆ. ಮೈ ಬೇಗ ತಣ್ಣಗಾಗುತ್ತದೆ, ಸೋಂಕು ಸುಲಭವಾಗಿ ತಗಲುತ್ತದೆ. ಆದ್ದರಿಂದಲೇ ಕಾಂಗರೂ ತಾಯಿ ಆರೈಕೆ: ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಿ, ಎದೆಹಾಲು ಕೊಡುವುದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಇದನ್ನು ಆರಂಭಿಸಿದರು. ಇನ್‌ಕ್ಯುಬೇಟರ್‌ಗಳ ಕೊರತೆಯಿಂದ ಹುಟ್ಟಿದ ಉಪಾಯ ಈಗ ಜಾಗತಿಕ ಶಿಫಾರಸು.

ಕರ್ನಾಟಕದ ನಂಟೂ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934–54ರ ನಡುವೆ ಹುಟ್ಟಿದವರ ಜನನ ದಾಖಲೆಗಳನ್ನು ಆಧರಿಸಿದ, 1996ರಲ್ಲಿ ಪ್ರಕಟವಾದ ಅಧ್ಯಯನವು, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನಡುವಯಸ್ಸಿನ ನಂತರ ಹೃದ್ರೋಗ ಹೆಚ್ಚು ಎಂದು ತೋರಿಸಿತು. ತಾಯಿಯ ಅಪೌಷ್ಟಿಕತೆ ತಗ್ಗಿಸುವ ಯೋಜನೆಗಳನ್ನೂ ನೆನಪಿಡಿ: 2017ರ ಮಾತೃಪೂರ್ಣ ಯೋಜನೆ (ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಬಿಸಿಯೂಟ), 2018ರ ಪೋಷಣ್ ಅಭಿಯಾನ ಇವೆರಡರ ವರ್ಷಗಳನ್ನು ಅದಲುಬದಲು ಮಾಡಬೇಡಿ.