ಕಾಣದೆ ಹೋಗುವ ಉತ್ತರಗಳು: ಮಿಂಚಂಚೆಯ ಸ್ಪ್ಯಾಮ್ ಜರಡಿ ಮತ್ತು ನಾಗರಿಕರ ಎಚ್ಚರ

ಮುಂಬಯಿಯಲ್ಲಿ ನೆಲೆಸಿರುವ ನಾಗರಿಕರೊಬ್ಬರು ಕೇಂದ್ರ ಸರ್ಕಾರದ ಇಲಾಖೆಯೊಂದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸಿ, ಉತ್ತರಕ್ಕಾಗಿ ತಮ್ಮ ಮಿಂಚಂಚೆಯ ವಿಳಾಸವನ್ನು ನೀಡಿದ್ದಾರೆಂದು ಭಾವಿಸೋಣ. 2005ರ ಮಾಹಿತಿ ಹಕ್ಕು ಅಧಿನಿಯಮದ ಪ್ರಕಾರ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ದೊರೆಯಬೇಕು. ಉತ್ತರ ತೃಪ್ತಿಕರವಲ್ಲದಿದ್ದರೆ, ಅದು ಕೈಸೇರಿದ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಇಲಾಖೆಯು ಸಕಾಲದಲ್ಲಿಯೇ ಉತ್ತರಿಸಿದೆ. ಆದರೆ ಪತ್ರವು 'ಸ್ಪ್ಯಾಮ್' ಎಂಬ ಕಡತದಲ್ಲಿ ಬಿದ್ದಿದೆ. ಜಿಮೇಲ್ ಸೇವೆಯಲ್ಲಿ ಈ ಕಡತದ ಪತ್ರಗಳು 30 ದಿನಗಳ ಬಳಿಕ ತಾವಾಗಿಯೇ ಅಳಿಸಿಹೋಗುತ್ತವೆ. ಹೀಗೆ ಉತ್ತರವೂ ಕೈತಪ್ಪುತ್ತದೆ, ಮೇಲ್ಮನವಿಯ ಅವಧಿಯ ಬಗ್ಗೆ ತಕರಾರೂ ಏಳಬಹುದು. ಉದ್ಯೋಗದ ಸಂದರ್ಶನ ಪತ್ರ, ವಿಮೆಯ ಸೂಚನೆ, ಪ್ರವೇಶ ಪತ್ರ ಮೊದಲಾದವುಗಳಿಗೂ ಇದೇ ಗತಿ ಒದಗಬಹುದು.

ಜರಡಿಯ ಕಾರ್ಯವಿಧಾನ

ಕೇಳದೆಯೇ ರಾಶಿರಾಶಿಯಾಗಿ ಬರುವ ಪತ್ರಗಳ ಪಿಡುಗು ಹೊಸತಲ್ಲ. 1978ರ ಮೇ 3ರಂದು ಅಮೆರಿಕದ ಗಣಕಯಂತ್ರ ಕಂಪನಿಯೊಂದರ ಮಾರಾಟ ಜಾಹೀರಾತು ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಒಮ್ಮೆಗೇ ರವಾನೆಯಾಯಿತು. ಇದನ್ನೇ ಸ್ಪ್ಯಾಮಿನ ಮೊದಲ ಉದಾಹರಣೆಯೆಂದು ಎಣಿಸುವುದುಂಟು. ಇಂತಹ ಪತ್ರಗಳನ್ನು ಬೇರ್ಪಡಿಸಲು ಸೇವಾಸಂಸ್ಥೆಗಳು ಜರಡಿಗಳನ್ನು ಅಳವಡಿಸಿವೆ.

ಜರಡಿಯು ಮುಖ್ಯವಾಗಿ ಮೂರು ಅಂಶಗಳನ್ನು ಗಮನಿಸುತ್ತದೆ. ಪತ್ರವು ನಿಜವಾಗಿಯೂ ಅದರ ಮೇಲಿರುವ ವಿಳಾಸದಿಂದಲೇ ಬಂದಿದೆಯೇ ಎಂಬುದು ಮೊದಲನೆಯದು. ಆ ಕಳುಹಿಸುವವರ ಪತ್ರಗಳನ್ನು ಈ ಹಿಂದೆ ಓದುಗರು ಹೇಗೆ ಸ್ವೀಕರಿಸಿದ್ದಾರೆ ಎಂಬುದು ಎರಡನೆಯದು. ಪತ್ರದ ಪದಗಳು, ಕೊಂಡಿಗಳು ಹಾಗೂ ಲಗತ್ತುಗಳು ಎಂತಹವು ಎಂಬುದು ಮೂರನೆಯದು. 'ಉಚಿತ', 'ಬಹುಮಾನ' ಮುಂತಾದ ಪದಗಳು ಸ್ಪ್ಯಾಮಿನಲ್ಲಿ ಹೆಚ್ಚಾಗಿ ಕಂಡುಬರುವುದರಿಂದ ಸಂಶಯದ ತೂಕ ಏರುತ್ತದೆ. ಎಲ್ಲ ತೂಕಗಳ ಮೊತ್ತವು ಗೊತ್ತಾದ ಮಿತಿಯನ್ನು ದಾಟಿದಾಗ ಪತ್ರವು ಪಕ್ಕಕ್ಕೆ ಸರಿಯುತ್ತದೆ. ಇದು ಸಂಭವನೀಯತೆಯ ಲೆಕ್ಕವೇ ಹೊರತು ಖಚಿತ ತೀರ್ಪಲ್ಲ. ಆದುದರಿಂದ ತಪ್ಪು ಅನಿವಾರ್ಯ. ಕೆಟ್ಟ ಪತ್ರವೊಂದು ಒಳಗೆ ಬಂದರೆ ಅದನ್ನು ಅಳಿಸಬಹುದು. ಒಳ್ಳೆಯ ಪತ್ರವೊಂದು ಹೊರಗುಳಿದರೆ ಅದು ಬಂದ ಸಂಗತಿಯೇ ತಿಳಿಯದು.

ಪತ್ರ ನಿರೀಕ್ಷಿಸುವವರು ಕೈಗೊಳ್ಳಬೇಕಾದ ಕ್ರಮಗಳು

1. ಉತ್ತರ ಬರಬೇಕಾದ ವಿಳಾಸ ಮೊದಲೇ ತಿಳಿದಿದ್ದರೆ ಅದನ್ನು ಸಂಪರ್ಕ ಪಟ್ಟಿಗೆ ಸೇರಿಸಬೇಕು.

2. ಇನ್ನೂ ಹೆಚ್ಚಿನ ಭದ್ರತೆಗಾಗಿ, ಜಿಮೇಲಿನಲ್ಲಿ ಆ ವಿಳಾಸಕ್ಕೆ ಫಿಲ್ಟರ್ ರಚಿಸಿ 'ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್' ಎಂಬುದನ್ನು ಗುರುತಿಸಬೇಕು. ಇದನ್ನು ಗಣಕಯಂತ್ರದ ಬ್ರೌಸರಿನಲ್ಲಿ ಮಾಡುವುದು ಸುಲಭ. ಔಟ್‌ಲುಕ್ ಬಳಸುವವರು ವಿಳಾಸವನ್ನು 'ಸೇಫ್ ಸೆಂಡರ್ಸ್' ಪಟ್ಟಿಗೆ ಸೇರಿಸಬೇಕು.

3. ವಾರಕ್ಕೊಮ್ಮೆ ಸ್ಪ್ಯಾಮ್ ಕಡತವನ್ನು ನೋಡಬೇಕು. ಬೇಕಾದ ಪತ್ರ ಅಲ್ಲಿದ್ದರೆ 'ಸ್ಪ್ಯಾಮ್ ಅಲ್ಲ' ಎಂದು ಗುರುತಿಸಬೇಕು. ಇದರಿಂದ ಪತ್ರ ಮರಳಿ ಬರುವುದಲ್ಲದೆ ಜರಡಿಗೂ ಪಾಠವಾಗುತ್ತದೆ.

4. ತಾವೇ ಚಂದಾದಾರರಾದ ಪತ್ರಿಕೆ ಬೇಡವೆನಿಸಿದರೆ ಅದನ್ನು ಸ್ಪ್ಯಾಮ್ ಎಂದು ಗುರುತಿಸದೆ ಚಂದಾ ರದ್ದುಗೊಳಿಸಬೇಕು. ತಪ್ಪು ದೂರಿನಿಂದ ಪ್ರಾಮಾಣಿಕರ ಪತ್ರಗಳೂ ಇತರ ಓದುಗರಿಗೆ ತಲುಪದಂತಾಗಬಹುದು.

5. ಖಾತೆಯಲ್ಲಿ ಸ್ಥಳಾವಕಾಶ ಇದೆಯೇ ಎಂದು ನೋಡಿಕೊಳ್ಳಬೇಕು. ಸ್ಥಳ ತುಂಬಿದ್ದರೆ ಹೊಸ ಪತ್ರಗಳು ಒಳಗೆ ಬಾರದೆ ಹಿಂದಿರುಗುತ್ತವೆ.

ಪತ್ರ ಬರೆಯುವವರಿಗೆ

ವಿಷಯದ ಸಾಲು ಸ್ಪಷ್ಟವಾಗಿರಲಿ. ಅರ್ಜಿಯ ನೋಂದಣಿ ಸಂಖ್ಯೆಯಿದ್ದರೆ ಅದನ್ನು ಅಲ್ಲಿಯೇ ನಮೂದಿಸಲಿ. ಹೊಸ ಪತ್ರ ಆರಂಭಿಸುವ ಬದಲು ಬಂದ ಪತ್ರಕ್ಕೇ ಉತ್ತರಿಸುವುದು ಒಳಿತು. ಮೊಟಕುಗೊಳಿಸಿದ ಕೊಂಡಿಗಳನ್ನೂ, ಗಣಕಯಂತ್ರದಲ್ಲಿ ಚಾಲನೆಗೊಳ್ಳುವ ಕಡತಗಳನ್ನೂ ಕಳುಹಿಸಬಾರದು.

ಹೊರನಾಡಿನ ಕನ್ನಡ ಸಂಘಗಳು ನೂರಾರು ಸದಸ್ಯರಿಗೆ ಒಮ್ಮೆಗೇ ಆಮಂತ್ರಣ ಕಳುಹಿಸುವಾಗ ವಿಶೇಷ ಎಚ್ಚರ ಅವಶ್ಯ. ಸ್ವಂತ ಡೊಮೇನ್ ಇರುವ ಸಂಸ್ಥೆಗಳು ಎಸ್‌ಪಿಎಫ್, ಡಿಕೆಐಎಂ ಮತ್ತು ಡಿಎಂಎಆರ್‌ಸಿ ಎಂಬ ಮೂರು ವ್ಯವಸ್ಥೆಗಳನ್ನು ಅಳವಡಿಸಿಕೊಳ್ಳತಕ್ಕದ್ದು. ಯಾವ ಯಂತ್ರಗಳು ಆ ಸಂಸ್ಥೆಯ ಹೆಸರಿನಲ್ಲಿ ಪತ್ರ ಕಳುಹಿಸಬಹುದೆಂದು ಮೊದಲನೆಯದು ತಿಳಿಸುತ್ತದೆ. ಎರಡನೆಯದು ಅಂಚೆಯ ಮುದ್ರೆಯಂತೆ ಪತ್ರಕ್ಕೆ ಗಣಕೀಯ ಸಹಿ ಒತ್ತುತ್ತದೆ. ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಮೂರನೆಯದು ಸೂಚಿಸುತ್ತದೆ. ಜಿಮೇಲಿನ ವೈಯಕ್ತಿಕ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಗೂಗಲ್ ಸಂಸ್ಥೆಯು 2024ರ ಫೆಬ್ರವರಿಯಿಂದ ಈ ಮೂರನ್ನೂ ಕಡ್ಡಾಯಗೊಳಿಸಿದೆ.

ಒಂದು ಮುನ್ನೆಚ್ಚರಿಕೆ

ಸ್ಪ್ಯಾಮ್ ಕಡತದಲ್ಲಿ ಒಳ್ಳೆಯ ಪತ್ರವಿರಬಹುದು. ಹಾಗೆಂದು ಅಲ್ಲಿರುವುದೆಲ್ಲ ಒಳ್ಳೆಯದಲ್ಲ. ಕಳುಹಿಸಿದವರ ಹೆಸರನ್ನು ಯಾರು ಬೇಕಾದರೂ ನಕಲು ಮಾಡಬಲ್ಲರು. ಆದುದರಿಂದ ಹೆಸರನ್ನಷ್ಟೇ ನೋಡದೆ, ವಿಳಾಸದಲ್ಲಿ 'ಅಟ್' ಚಿಹ್ನೆಯ ನಂತರದ ಭಾಗವನ್ನು ಅಕ್ಷರಶಃ ಓದಬೇಕು. ಸಂಶಯವಿದ್ದಲ್ಲಿ ಪತ್ರದ ಕೊಂಡಿಯನ್ನು ಒತ್ತದೆ, ಇಲಾಖೆಯ ಜಾಲತಾಣವನ್ನು ತಾವೇ ತೆರೆದು ಅರ್ಜಿಯ ಸ್ಥಿತಿಯನ್ನು ತಿಳಿಯಬೇಕು. ಓಟಿಪಿ ಅಥವಾ ಗುಪ್ತಪದವನ್ನು ಯಾರಿಗೂ ನೀಡಬಾರದು. ಹಣ ವಂಚನೆಯಾದಲ್ಲಿ ತಡಮಾಡದೆ 1930 ಸಂಖ್ಯೆಗೆ ದೂರು ನೀಡಬೇಕು.

ಅರ್ಜಿ ಸಲ್ಲಿಸಿದ ದಿನವೇ ಉತ್ತರ ಬರಬೇಕಾದ ಕೊನೆಯ ದಿನಾಂಕವನ್ನು ಬರೆದಿಟ್ಟುಕೊಂಡು, ಆ ದಿನದೊಳಗೆ ಪತ್ರ ಕಾಣದಿದ್ದಲ್ಲಿ ಮೊದಲು ಸ್ಪ್ಯಾಮ್ ಕಡತವನ್ನೂ ಬಳಿಕ ಇಲಾಖೆಯನ್ನೂ ವಿಚಾರಿಸುವುದು ಲೇಸು. ಜರಡಿ ಎಷ್ಟೇ ಸೂಕ್ಷ್ಮವಾಗಿದ್ದರೂ, ಕಾಳು ಯಾವುದು ಜೊಳ್ಳು ಯಾವುದು ಎಂಬುದನ್ನು ಕೊನೆಗೆ ನಿರ್ಧರಿಸಬೇಕಾದವರು ಪತ್ರದ ಒಡೆಯರೇ.