ಪ್ರಾರ್ಥನೆಯೂ ಔಷಧವೂ
(ಪಾಠಭಾಗ: 2 ಅರಸುಗಳು 20:1-7)

ಹಿಜ್ಕೀಯ ಅರಸನು ಮರಣಕರವಾದ ರೋಗದಲ್ಲಿ ಬಿದ್ದಾಗ ಕಣ್ಣೀರಿಟ್ಟು ಪ್ರಾರ್ಥಿಸಿದನು. ದೇವರು ಆ ಮೊರೆಯನ್ನು ಆಲಿಸಿದನು. ಆದರೂ ಪ್ರವಾದಿಯಾದ ಯೆಶಾಯನು ಅಂಜೂರದ ಮುದ್ದೆಯನ್ನು ತರಿಸಿ ಹುಣ್ಣಿಗೆ ಕಟ್ಟಿಸಿದನು. ಪ್ರಾರ್ಥನೆಯು ಔಷಧವನ್ನು ತಳ್ಳಲಿಲ್ಲವೆಂಬದನ್ನು ನಾವು ಗಮನಿಸತಕ್ಕದ್ದು.

ವೇಣೂರಿನ ಸುತ್ತಲ ಅಡಿಕೆಯ ನಾಡಿನಲ್ಲಿ ಈ ಪಾಠವು ನಮಗೆ ಬಹು ಅವಶ್ಯ. ಹೊಗೆಸೊಪ್ಪು ಮಾತ್ರವಲ್ಲ, ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2004ರಲ್ಲಿ ಪ್ರಕಟಿಸಿತು. ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣನ್ನು ಕಂಡವರು ಕಷಾಯ, ಹರಕೆ, ಪ್ರಾರ್ಥನಾಕೂಟವೆಂದು ತಿಂಗಳುಗಳನ್ನು ಕಳೆದರೆ, ಆರಂಭದಲ್ಲಿ ಗುಣವಾಗಬಹುದಾದದ್ದು ಕೈಮೀರುವದು.

ಹಾಗಾದರೆ ಇತರ ಸಹಾಯಗಳನ್ನು ಬಿಡಬೇಕೋ? ಹಾಗಲ್ಲ. ಫಾದರ್ ಮುಲ್ಲರ್‌ರವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧವನ್ನು ಕೊಡಲಾರಂಭಿಸಿದರು. ಇಂದು ಅದೇ ಸಂಸ್ಥೆಯಲ್ಲಿ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಯೂ ಉಂಟು. ಸರಳವಾದ ಯೋಗಾಸನವು ಆಯಾಸವನ್ನೂ ಪ್ರಾರ್ಥನೆಯು ಭಯವನ್ನೂ ತಗ್ಗಿಸಬಹುದು. ಗಡ್ಡೆಗಾದರೋ ಶಸ್ತ್ರವೋ ವಿಕಿರಣವೋ ತಕ್ಕ ಮದ್ದೋ ಬೇಕು. ಕಷಾಯ ಲೇಹ್ಯಗಳನ್ನು ಸೇವಿಸುವವರು ಅದನ್ನು ವೈದ್ಯರಿಗೆ ಮರೆಮಾಡಬಾರದು. ಯಾಕಂದರೆ ಕೆಲವು ಬೇರುಸೊಪ್ಪುಗಳು ಕ್ಯಾನ್ಸರ್ ಔಷಧದ ಬಲವನ್ನು ಕುಂದಿಸುತ್ತವೆ, ಕೆಲವು ಯಕೃತ್ತನ್ನು ಕೆಡಿಸುತ್ತವೆ. ನಮ್ಮ ಅಂಗಳದ ನಿತ್ಯಪುಷ್ಪದಿಂದ ತೆಗೆದ ಸತ್ವವು ರಕ್ತದ ಕ್ಯಾನ್ಸರಿಗೆ ಮದ್ದಾಗಿದೆ; ಆದರೆ ಅದು ಅಳತೆಯಿಂದ ಕೊಟ್ಟರೆ ಮದ್ದು, ಎಲೆಯನ್ನು ಅಗಿದರೆ ವಿಷ.

ವಿಕಿರಣ ಚಿಕಿತ್ಸೆಯು ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಹಲವು ವಾರ ನಡೆಯುವದು. ಆದದರಿಂದ ಪ್ರಿಯರೇ, ರೋಗಿಗಾಗಿ ಪ್ರಾರ್ಥಿಸುವ ಸಭೆಯು ಸರದಿಯಿಂದ ಅವನ ಸಂಗಡ ಮಂಗಳೂರಿಗೂ ಹೋಗಲಿ. ಮೊಣಕಾಲೂರುವದಕ್ಕೆ ತಡಮಾಡದ ನಾವು ವೈದ್ಯನ ಬಾಗಿಲಿಗೂ ತಡಮಾಡದಿರೋಣ.