ಪರವಾನಗಿಯೂ ಒಂದು ಕರಾರು



ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುವವರಾಗಲಿ, ಹೊಸಕೋಟೆಯ ಅಂಗಡಿಯವರಾಗಲಿ, ಇಂದು ಅನೇಕರು ಲೆಕ್ಕ ಬರೆಯುವುದು ಕಂಪ್ಯೂಟರಿನಲ್ಲಿ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಬಳಿಕ ಅದರ ಅಗತ್ಯ ಇನ್ನೂ ಹೆಚ್ಚಿತು. ಆದರೆ ಸಾಫ್ಟ್‌ವೇರಿಗೆ ಹಣ ಕೊಡುವಾಗ ನಾವು ಕೊಳ್ಳುವುದೇನನ್ನು?

ನೀವು ಕೊಂಡ ಮಗ್ಗ ನಿಮ್ಮದು. ಅದನ್ನು ಮಾರಬಹುದು, ಬಾಡಿಗೆಗೂ ಕೊಡಬಹುದು. ಸಾಫ್ಟ್‌ವೇರ್ ಹಾಗಲ್ಲ. ಸಾಮಾನ್ಯವಾಗಿ ಅದರ ಒಡೆತನ ತಯಾರಿಸಿದವರಲ್ಲೇ ಉಳಿಯುತ್ತದೆ. ನಮಗೆ ದೊರೆಯುವುದು ಷರತ್ತಿಗೆ ಒಳಪಟ್ಟ ಬಳಕೆಯ ಅನುಮತಿ ಮಾತ್ರ. ಇದನ್ನೇ ಪರವಾನಗಿ ಅಥವಾ ಲೈಸೆನ್ಸ್ ಎನ್ನುತ್ತಾರೆ.

ಬೆಂಗಳೂರಿನ ಕಂಪೆನಿಯೊಂದರ ಟ್ಯಾಲಿಯನ್ನೇ ನೋಡಿ. ಅದರಲ್ಲಿ ಸಿಲ್ವರ್ ಪರವಾನಗಿ ಒಬ್ಬ ಬಳಕೆದಾರನಿಗೆ, ಗೋಲ್ಡ್ ಹಲವರಿಗೆ. ಶಾಶ್ವತ ಪರವಾನಗಿ ಪಡೆದವರೂ ಮೊದಲ ವರ್ಷದ ನಂತರ ಹೊಸ ಆವೃತ್ತಿ ಬೇಕೆಂದರೆ ಬೇರೆ ಚಂದಾ ಕಟ್ಟಬೇಕು. ಕಟ್ಟದಿದ್ದರೆ ಹಳೆಯದು ನಡೆಯುತ್ತದೆ, ಹೊಸದು ಸಿಗದು. ಅಂದರೆ ‘ಶಾಶ್ವತ’ ಎಂಬುದು ಬಳಕೆಗೆ ಹೇಳಿದ ಮಾತೇ ಹೊರತು ಅಪ್‌ಗ್ರೇಡಿಗಲ್ಲ.

ಉಚಿತ ಅಪ್‌ಗ್ರೇಡಿಗೂ ಕೆಲವೊಮ್ಮೆ ಖರ್ಚಿದೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರಿಂದ ವಿಂಡೋಸ್ 11ಕ್ಕೆ ಹೋಗುವುದು ಉಚಿತವಾದರೂ ಅನೇಕ ಹಳೆಯ ಕಂಪ್ಯೂಟರುಗಳಿಗೆ ಅದು ಹೊಂದುವುದಿಲ್ಲ.

ಆದ್ದರಿಂದ ಹಣ ಕೊಡುವ ಮೊದಲು ಕೇಳಿರಿ: ಎಷ್ಟು ಕಂಪ್ಯೂಟರುಗಳಿಗೆ? ಎಷ್ಟು ಕಾಲಕ್ಕೆ? ಹೊಸ ಆವೃತ್ತಿಗೆ ಬೇರೆ ಹಣವೇ? ಕಂಪ್ಯೂಟರ್ ಬದಲಾಯಿಸಿದರೆ ಪರವಾನಗಿಯೂ ಜೊತೆಗೆ ಬರುವುದೇ? ಬಿಲ್ಲನ್ನೂ ಪರವಾನಗಿಯನ್ನೂ ನಿಮ್ಮ ಹೆಸರಿನಲ್ಲೇ ಪಡೆಯಿರಿ. ಸಾಲದ ವ್ಯವಹಾರವನ್ನು ಬರೆದಿಡಲು ಕಲಿಸಿದ ಧರ್ಮ ನಮ್ಮದು.

“ನಕಲು ಮಾಡಿದರೆ ಯಾರ ವಸ್ತು ಕಡಿಮೆಯಾಯಿತು? ಎಲ್ಲರೂ ಹಾಕಿಸಿಕೊಳ್ಳುತ್ತಾರಲ್ಲ!” ಎನ್ನುವವರಿದ್ದಾರೆ. ವಸ್ತು ಕಡಿಮೆಯಾಗದಿರಬಹುದು, ಆದರೆ ದುಡಿದವನ ಹಕ್ಕು ಹೋಯಿತು. ಕುರ್‌ಆನಿನ ಅಲ್ ಮಾಇದಃ ಅಧ್ಯಾಯ ಆರಂಭವಾಗುವುದೇ ಕರಾರುಗಳನ್ನು ಪಾಲಿಸಬೇಕೆಂಬ ಆದೇಶದಿಂದ. 1988ರಲ್ಲಿ ಕುವೈತಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು ಗ್ರಂಥರಚನೆ, ಆವಿಷ್ಕಾರಗಳ ಹಕ್ಕನ್ನು ಅತಿಕ್ರಮಿಸಬಾರದೆಂದು ನಿರ್ಣಯಿಸಿತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರವೂ ತಿಳಿದೂ ತಿಳಿದೂ ನಕಲಿ ಸಾಫ್ಟ್‌ವೇರ್ ಬಳಸುವುದು ಶಿಕ್ಷಾರ್ಹ ಅಪರಾಧ.

ಹಣವಿಲ್ಲದವರಿಗೆ ದಾರಿಯಿಲ್ಲವೆಂದಲ್ಲ. ಕನ್ನಡ ಬರೆಯಲು ಕನ್ನಡ ಗಣಕ ಪರಿಷತ್ತಿನ ನುಡಿ, ಪತ್ರ ಮತ್ತು ಲೆಕ್ಕಪಟ್ಟಿಗೆ ಲಿಬ್ರೆ ಆಫೀಸ್ ಉಚಿತವಾಗಿಯೇ ಇವೆ. ಅನುಮತಿಯಿರುವ ಮಾರ್ಗ ಕಣ್ಣೆದುರೇ ಇರುವಾಗ, ಹಲಾಲ್ ಸಂಪಾದನೆಯ ಲೆಕ್ಕವನ್ನು ಕದ್ದ ಪುಸ್ತಕದಲ್ಲಿ ಬರೆಯಬೇಕೇ? ಯೋಚಿಸಿರಿ.